ಚೊಚ್ಚಲ ಬಸುರಿಯನ್ನು ಹೆರಿಗೆ ಕೋಣೆಯಲ್ಲಿ ಒಂಟಿಯಾಗಿ ಬಿಡಬೇಡಿ



ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ನಮ್ಮ ಹಿರಿಯರು ರೂಢಿ ಮಾಡಿಟ್ಟರು. ಮೊದಲ ಸಲ ಬೇನೆ ತಿನ್ನುವ ಹುಡುಗಿಗೆ ಹೆತ್ತವಳು ಹತ್ತಿರವಿರಲಿ ಎಂದೇ ಹಾಗೆ ಮಾಡಿದರು. ಇಂದಿಗೂ ನಾವು ಸೀಮಂತ ಮುಗಿಸಿ, ಮಡಿಲು ತುಂಬಿ ಮಗಳನ್ನು ಕರೆತರುತ್ತೇವೆ. ನೋವು ಶುರುವಾದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸುತ್ತೇವೆ. ಆದರೆ ಎಷ್ಟೋ ಆಸ್ಪತ್ರೆಗಳಲ್ಲಿ ಹೆರಿಗೆ ಕೋಣೆಯ ಬಾಗಿಲು ಅಲ್ಲಿಗೆ ಮುಚ್ಚುತ್ತದೆ. ಮಗಳು ಒಳಗೆ, ತಾಯಿ ಹೊರಗಿನ ಬೆಂಚಿನ ಮೇಲೆ. ಯಾವ ಗಳಿಗೆಗೆಂದು ತವರಿಗೆ ಕರೆತಂದೆವೋ ಆ ಗಳಿಗೆಯಲ್ಲೇ ಅವಳ ಪಕ್ಕದಲ್ಲಿ ನಮ್ಮವರಿಲ್ಲ.

ಇದು ನಿಲ್ಲಬೇಕು. ನೋವು ಶುರುವಾದಾಗಿನಿಂದ ಮಗು ಎದೆಹಾಲು ಕುಡಿಯುವವರೆಗೂ, ಬಸುರಿ ತಾನೇ ಆರಿಸಿಕೊಂಡ ಒಬ್ಬರು ಅವಳ ಜೊತೆಗಿರಬೇಕು.

ಜೊತೆ ಯಾಕೆ ಬೇಕು?

ಚೊಚ್ಚಲ ಹೆರಿಗೆ ನಿಧಾನ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೂ, ಪೂರ್ತಿ ತೆರೆಯಲು 12 ಗಂಟೆಯವರೆಗೆ ಹಿಡಿಯಬಹುದು. ಆಮೇಲೆ ಮಗು ಹೊರಬರಲು 3 ಗಂಟೆಯವರೆಗೆ ಬೇಕಾಗಬಹುದು. ಅದಕ್ಕೂ ಮುಂಚೆ ಬಂದು ಬಂದು ಹೋಗುವ ನೋವು ಬೇರೆ. ಏನು ನಡೆಯುತ್ತಿದೆ, ಇನ್ನೆಷ್ಟು ಹೊತ್ತು ಎಂದು ತಿಳಿಯದ ಹುಡುಗಿ ಹೆದರುತ್ತಾಳೆ. ಹೆದರಿದರೆ ಮೈ ಬಿಗಿಯುತ್ತದೆ, ನೋವು ಹೆಚ್ಚುತ್ತದೆ, ಕೊನೆಗೆ ಮಗುವನ್ನು ಹೊರದಬ್ಬಲು ಬೇಕಾದ ಶಕ್ತಿ ಮೊದಲೇ ತೀರುತ್ತದೆ. ಸೊಂಟ ನೀವಲು, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಲು, ಗುಟುಕು ನೀರು ಕುಡಿಸಲು, "ಇದೊಂದು ನೋವು ಕಳೀತು, ಉಸಿರು ಬಿಡು ಮಗಳೇ" ಎನ್ನಲು ಒಬ್ಬರು ಬೇಕು. ಒಂದೇ ಹೊತ್ತಿಗೆ ಹಲವು ಹೆರಿಗೆ ನೋಡಿಕೊಳ್ಳುವ ಸಿಸ್ಟರ್‌ಗೆ ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿ?

ಇದು ಬರೀ ಮಮಕಾರದ ಮಾತಲ್ಲ. 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆ 2017ರಲ್ಲಿ ಪ್ರಕಟವಾಯಿತು. ಉದ್ದಕ್ಕೂ ಒಬ್ಬರು ಜೊತೆಗಿದ್ದ ಬಸುರಿಯರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಕಡಿಮೆ ಎಂದು ಅದು ಕಂಡುಕೊಂಡಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೀಗೆ ಒಬ್ಬರು ಜೊತೆಗಿರಬೇಕೆಂದು ಶಿಫಾರಸು ಮಾಡಿತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದೂ ಅದೇ ವರ್ಷ. ಬಸುರಿಯ ಪಕ್ಕ ಬಿಡದೆ ಕೂರುವ ಅಂಥ ಸೂಲಗಿತ್ತಿಯರ ಕೆಲಸವನ್ನು ದೇಶವೇ ಗೌರವಿಸಿತು.

ಹಾಗೆಂದು ಮನೆಯಲ್ಲೇ ಹೆರಿಗೆಯಾಗಲಿ ಎನ್ನುತ್ತಿಲ್ಲ. ರಕ್ತಸ್ರಾವ ಹೆಚ್ಚಾದರೆ, ಫಿಟ್ಸ್ ಬಂದರೆ, ಮಗು ಅಡ್ಡವಾದರೆ ಜೀವ ಉಳಿಸುವುದು ಆಸ್ಪತ್ರೆಯೇ. ಆಸ್ಪತ್ರೆಯೂ ಬೇಕು, ಜೊತೆಯೂ ಬೇಕು.

ಸರ್ಕಾರ ಒಪ್ಪಿದೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯ ಜೊತೆ ಒಬ್ಬರಿರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಹೆತ್ತು ಅನುಭವವಿರುವ ಹೆಣ್ಣು ನೆಂಟರಿದ್ದರೆ ಒಳ್ಳೆಯದು. ಮರೆಯ ವ್ಯವಸ್ಥೆ ಇರುವ ಕಡೆ ಗಂಡನೂ ಇರಬಹುದು. 2017ರ 'ಲಕ್ಷ್ಯ' ಕಾರ್ಯಕ್ರಮ, ಹೆರಿಗೆಗೆ ಬಂದವಳನ್ನು ಗೌರವದಿಂದ ನೋಡಿಕೊಳ್ಳಬೇಕೆಂದು ಹೇಳುತ್ತದೆ. ಪಕ್ಕದ ತಮಿಳುನಾಡು 2004ರಲ್ಲೇ ಬಸುರಿಯ ಜೊತೆ ಒಬ್ಬರನ್ನು ಬಿಡುವ ಪದ್ಧತಿ ಆರಂಭಿಸಿತು. ಹಾಗಾದರೆ ನಮ್ಮ ಊರಿನ ಆಸ್ಪತ್ರೆಯ ಬಾಗಿಲು ಯಾಕೆ ತೆರೆಯಬಾರದು?

"ಗಲಾಟೆಯಾಗುತ್ತದೆ, ನಂಜಾಗುತ್ತದೆ" ಎನ್ನುತ್ತಾರೆ ಆಸ್ಪತ್ರೆಯವರು. ನಾವು ಕೇಳುತ್ತಿರುವುದು ಒಬ್ಬರಿಗೆ ಮಾತ್ರ. ಅವರಿಗೆ ನೆಗಡಿ, ಜ್ವರ, ಬೇರೆ ಅಂಟುರೋಗ ಇರಬಾರದು. ಶುಚಿಯಾದ ಬಟ್ಟೆ ಹಾಕಿಕೊಂಡಿರಬೇಕು. ಡಾಕ್ಟರ ಕೆಲಸಕ್ಕೆ ಅಡ್ಡ ಬರಬಾರದು. ಬೇರೆ ಬಸುರಿಯರ ಹತ್ತಿರ ಹೋಗಬಾರದು. "ಜಾಗವಿಲ್ಲ" ಎನ್ನುತ್ತಾರೆ. ಮಂಚದ ಸುತ್ತ ಒಂದು ಪರದೆ, ಪಕ್ಕದಲ್ಲಿ ಒಂದು ಸ್ಟೂಲು ಸಾಕು.

ನಮ್ಮ ಬೇಡಿಕೆಗಳು

1. "ಬಸುರಿಯ ಜೊತೆ ಒಬ್ಬರಿರಬಹುದು" ಎಂಬ ಬೋರ್ಡು ಪ್ರತಿ ಹೆರಿಗೆ ವಾರ್ಡಿನ ಬಾಗಿಲಲ್ಲಿ ಕನ್ನಡದಲ್ಲಿ ಇರಲಿ.
2. ಪ್ರತಿ ಹೆರಿಗೆ ಮಂಚಕ್ಕೂ ಪರದೆ ಇರಲಿ.
3. ಹೆರಿಗೆ ವಾರ್ಡಿಗೆ ಬೇಕಾದಷ್ಟು ಸಿಸ್ಟರ್‌ಗಳ ನೇಮಕವಾಗಲಿ. ಜೊತೆಗಿರುವವರಿಂದ ಸಿಬ್ಬಂದಿಯ ಕೆಲಸ ಮಾಡಿಸಬಾರದು.
4. ಬೈಗುಳ, ಏಟು ಯಾವ ಹೆರಿಗೆ ಕೋಣೆಯಲ್ಲೂ ಇರಬಾರದು.

ನೀವು ಮಾಡಬೇಕಾದ್ದು

ಏಳನೇ ತಿಂಗಳಲ್ಲೇ ಯಾರು ಜೊತೆಗಿರಬೇಕೆಂದು ಬಸುರಿಯನ್ನೇ ಕೇಳಿ. ಅಮ್ಮನೋ, ಅತ್ತೆಯೋ, ಅಕ್ಕನೋ, ಗಂಡನೋ, ಅವಳ ಮಾತೇ ಕೊನೆ ಮಾತು. ಬೇರೆಯವರು ಮುನಿಸಿಕೊಳ್ಳಬೇಡಿ. ಆರಿಸಿದವರು ಚೆಕಪ್‌ಗೆ ಜೊತೆಗೆ ಹೋಗಿ, ಆಶಾ ಕಾರ್ಯಕರ್ತೆಯೊಂದಿಗೆ ಮಾತಾಡಿ, ಹೆರಿಗೆ ಕೋಣೆ ನೋಡಿಕೊಂಡು ಬನ್ನಿ. ತಾಯಿ ಕಾರ್ಡ್ ಸದಾ ಕೈಗೆ ಸಿಗುವಂತಿರಲಿ.

ಒಳಗೆ ಹೋದವರಿಗೆ ಹೊಣೆಯೂ ಇದೆ. "ನಾವೆಲ್ಲ ಹೆತ್ತಿಲ್ಲವಾ, ನಿಂದೇನು ದೊಡ್ಡದು" ಎನ್ನಬೇಡಿ. ಮಗು ಹುಟ್ಟಿದ ಕೂಡಲೇ ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಲು ಸಿಸ್ಟರ್‌ಗೆ ಹೇಳಿ. ಒಂದು ಗಂಟೆಯೊಳಗೆ ಹಾಲು ಕುಡಿಸಿ. ಮೊದಲ ದಿನದ ಹಳದಿ ಗಿಣ್ಣದ ಹಾಲನ್ನು ಹಿಂಡಿ ಚೆಲ್ಲಬೇಡಿ. ಮಗುವಿಗೆ ರೋಗ ತಡೆಯುವ ಬಲ ಕೊಡುವುದು ಅದೇ. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಬೇಡಿ. ಮೊದಲ ಸ್ನಾನ 24 ಗಂಟೆ ಕಳೆದ ಮೇಲಾಗಲಿ. ಹೆಣ್ಣಾಗಲಿ ಗಂಡಾಗಲಿ, ಒಂದೇ ನಗುಮುಖದಿಂದ ಎತ್ತಿಕೊಳ್ಳಿ.

ಮುಂದಿನ ಚೆಕಪ್ ದಿನ ಡಾಕ್ಟರನ್ನು ನೇರವಾಗಿ ಕೇಳಿ: "ಹೆರಿಗೆ ಹೊತ್ತಿಗೆ ನಮ್ಮವರೊಬ್ಬರನ್ನು ಒಳಗೆ ಬಿಡುತ್ತೀರಾ?" ಇಲ್ಲ ಎಂದರೆ ಯಾಕೆಂದು ಕೇಳಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದುಕೊಡಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿ. ಒಬ್ಬೊಬ್ಬರೇ ಕೇಳಿದರೆ ತಳ್ಳಿಹಾಕಬಹುದು; ಊರಿನ ಹೆಂಗಸರೆಲ್ಲ ಕೇಳಿದರೆ ಉತ್ತರ ಕೊಡಲೇಬೇಕು.

ಓದಿದ ಮೇಲೆ ಈ ಕರಪತ್ರವನ್ನು ಬಸುರಿ ಇರುವ ಮನೆಗೆ ತಲುಪಿಸಿ.