ಕಡೇ ಪಂಕ್ತಿಗೆ ಮೊದಲು ಬಡಿಸಿದಾಗ

ಬಳ್ಳಾರಿಯ ಕೌಲ್ ಬಜಾರ್‌ನ ಓಣಿಗಳಲ್ಲಿ ಹೊತ್ತೇರುವಷ್ಟರಲ್ಲಿ ಹೊಲಿಗೆ ಮಿಷನ್‌ಗಳ ಸದ್ದು ಶುರುವಾಗಿರುತ್ತದೆ. ಒಂದು ಕೋಣೆಯಲ್ಲಿ ನಾಲ್ಕೈದು ಮಿಷನ್, ಮೂಲೆಯಲ್ಲಿ ಎದೆಯೆತ್ತರದ ಜೀನ್ಸ್ ರಾಶಿ, ಬೆಳಕಿಗಾಗಿ ಹೊಸ್ತಿಲ ಬಳಿ ಕುಳಿತು ಹೊಲಿದ ಪ್ಯಾಂಟಿನಿಂದ ಜೋತುಬಿದ್ದ ದಾರ ಕತ್ತರಿಸುವ ಹೆಂಗಸರು. ಬಟ್ಟೆಯ ನೀಲಿ ಅವರ ಬೆರಳ ತುದಿಗೆ, ಉಗುರಿನ ಸಂದಿಗೆ ಇಳಿದುಬಿಟ್ಟಿರುತ್ತದೆ. ಕೂಲಿ ಪೀಸ್ ಲೆಕ್ಕದ್ದು. ಎಷ್ಟು ಕತ್ತರಿಸಿದರೆ ಅಷ್ಟು ದುಡ್ಡು. ಕೆಮ್ಮು ಬಂದರೆ, ತಲೆ ಸುತ್ತಿದರೆ, ಬಸುರಿಗೆ ಕಾಲು ಬಾತರೆ, ದವಾಖಾನೆಗೆ ಹೋಗುವ ಮೊದಲು ಅವರು ಹಾಕುವ ಲೆಕ್ಕ ಒಂದೇ: ಹೋದರೆ ಅರ್ಧ ದಿನದ ಕೂಲಿ ಹೋಯಿತು.

ಈ ಲೆಕ್ಕವನ್ನು ಮುಂದಿಟ್ಟುಕೊಂಡೇ ಕಳೆದ ಕಾಲು ಶತಮಾನವನ್ನು ತಿರುಗಿ ನೋಡಬೇಕಾಗಿದೆ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ ತನ್ನ ಅಂತಿಮ ವರದಿಯನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟದ್ದು 2001ರ ಏಪ್ರಿಲ್‌ನಲ್ಲಿ. ಆ ವರದಿಯ ತಲೆಬರಹದಲ್ಲೇ ಮೊದಲು ಬಂದದ್ದು ಸಮತೆ. ಗುಣಮಟ್ಟ, ಪ್ರಾಮಾಣಿಕತೆ ಆಮೇಲಿನವು. ಬಳ್ಳಾರಿಯೂ ಸೇರಿ ಉತ್ತರದ ಏಳು ಜಿಲ್ಲೆಗಳು ಆರೋಗ್ಯದಲ್ಲಿ ಹಿಂದುಳಿದಿವೆ, ಅವುಗಳತ್ತ ಬೇರೆಯದೇ ಗಮನ ಬೇಕು ಎಂದು ಆ ಕಾಲದ ಲೆಕ್ಕಪತ್ರಗಳೇ ಹೇಳುತ್ತಿದ್ದವು. ಮರುವರ್ಷ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕು ತಾಲ್ಲೂಕನ್ನೇ ಅಳೆದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಹೆಸರಿಸಿತು. ಹಾಗಾಗಿ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಗೊತ್ತಾದ ಮೇಲೆ ಏನು ಮಾಡಿದೆವು ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಮಾಡಿದ್ದರಲ್ಲಿ ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದರಲ್ಲೇ ಪಾಠವಿದೆ. 2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಶುರುವಾದಾಗ ಸರ್ಕಾರ ಅದನ್ನು ಬೆಂಗಳೂರಿನಿಂದ ಆರಂಭಿಸಲಿಲ್ಲ. ಬಳ್ಳಾರಿಯನ್ನೂ ಒಳಗೊಂಡ ಆಗಿನ ಗುಲ್ಬರ್ಗ ವಿಭಾಗದಿಂದ ಆರಂಭಿಸಿತು. ಬಿಪಿಎಲ್ ಕಾರ್ಡ್ ಇದ್ದರೆ ಸಾಕು, ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗೆ ದೊಡ್ಡ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ. ಪ್ರೀಮಿಯಂ ಕಟ್ಟಬೇಕಿರಲಿಲ್ಲ. ಆಸ್ಪತ್ರೆಯವರೇ ಹಳ್ಳಿಗೆ ಬಂದು ಶಿಬಿರ ಮಾಡಿ ರೋಗಿಯನ್ನು ಗುರುತಿಸಿ ಕರೆದೊಯ್ಯುತ್ತಿದ್ದರು. ಯೋಜನೆ ಬಂದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದ ಪಕ್ಕದ ಹಳ್ಳಿಗಳನ್ನೂ, ಒಟ್ಟು 572 ಊರುಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸತ್ತವರ ಪ್ರಮಾಣ ಯೋಜನೆ ಬಂದ ಊರುಗಳಲ್ಲಿ 64% ಕಡಿಮೆ ಇತ್ತು. ಹಿಂದಿದ್ದವರಿಗೆ ಮೊದಲು ಕೊಟ್ಟದ್ದಕ್ಕೆ ಜೀವ ಉಳಿಯಿತು ಎಂದು ಇಷ್ಟು ನೇರವಾಗಿ ಹೇಳುವ ಅಂಕಿ ನಮ್ಮ ರಾಜ್ಯದ ಇತಿಹಾಸದಲ್ಲಿ ಹೆಚ್ಚಿಲ್ಲ.

ಇನ್ನೊಂದು ಉದಾಹರಣೆ ಮೊಟ್ಟೆಯದು. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆಯ್ದುಕೊಂಡದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು, ಜೊತೆಗೆ ವಿಜಯಪುರವನ್ನು. ಮಠಾಧೀಶರ ವಿರೋಧ ಬಂತು, ಬೀದಿಯಲ್ಲಿ ವಾಗ್ವಾದ ನಡೆಯಿತು. ಮಕ್ಕಳು ಮಾತ್ರ ಮೊಟ್ಟೆ ತಿಂದರು. ಗದುಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ತೂಗಿ ನೋಡಿದಾಗ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳು ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳಿಗಿಂತ ಹೆಚ್ಚು ತೂಕ ಪಡೆದಿದ್ದರು. ಮರುವರ್ಷ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಕಡೇ ಪಂಕ್ತಿಗೆ ಮೊದಲು ಬಡಿಸಿದ್ದರಿಂದ ಉಳಿದ ಪಂಕ್ತಿಗಳಿಗೇನೂ ಊಟ ತಪ್ಪಲಿಲ್ಲ. ಅವರಿಗೂ ಬಂತು.

ಅನ್ನವೇ ಔಷಧವೋ ಅಲ್ಲವೋ ಎಂಬ ಈ ಜಗಳ ಬಳ್ಳಾರಿಗೆ ಹೊಸದಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರಪರಿಹಾರದ ಕಾಮಗಾರಿಯಲ್ಲಿ ದುಡಿಯುವವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಸಾಕೆಂದು ಬರದ ಉಸ್ತುವಾರಿಗೆ ಬಂದ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಬ್ಲ್ಯು.ಆರ್. ಕಾರ್ನಿಶ್ ಇದನ್ನು ಒಪ್ಪಲಿಲ್ಲ. ಮಣ್ಣು ಹೊರುವ ಮೈಗೆ ಇದು ಸಾಲದು, ಬೇಳೆ ಬೇಕು, ತರಕಾರಿ ಬೇಕು ಎಂದು ಕೂಲಿಕಾರರ ಶರೀರವನ್ನೇ ಸಾಕ್ಷಿಯಾಗಿಟ್ಟು ವಾದಿಸಿದ. ಕೊನೆಗೆ ಅಳತೆ ತುಸು ಏರಿತು. ಆ ಹೊತ್ತಿಗೆ ಲಕ್ಷಾಂತರ ಜೀವ ಹೋಗಿದ್ದವು. ಹೆಚ್ಚುಕಡಿಮೆ ಒಂದೂವರೆ ಶತಮಾನದ ಮೇಲೆ, 2023ರಲ್ಲಿ, ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ ಅದೇ ವಾದವನ್ನು ಅಂಕಿಗಳಲ್ಲಿ ಗೆಲ್ಲಿಸಿತು. 2,800 ಕ್ಷಯರೋಗಿಗಳ ಮನೆಮಂದಿಯನ್ನು ಅವರು ಗಮನಿಸಿದರು. ತಿಂಗಳಿಗಿಷ್ಟು ಅಕ್ಕಿ, ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಅಂಟಿದ್ದು 39% ಕಡಿಮೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಶುರುವಾದ ಕ್ಷಯರೋಗಿಗಳ ಪೌಷ್ಟಿಕ ನೆರವು 2024ರ ನವೆಂಬರ್‌ನಿಂದ 1,000 ಆಗಿದೆ. ಒಳ್ಳೆಯದೇ. ಆದರೆ ಅದು ಬರುವುದು ರೋಗಿಗೆ. ಅದೇ ಕೋಣೆಯಲ್ಲಿ ಮಲಗುವ ಅವನ ಹೆಂಡತಿ, ಮಕ್ಕಳ ತಟ್ಟೆ ಈ ಹಣದ ಲೆಕ್ಕದಲ್ಲಿಲ್ಲ.

ಅದೇ 2024ರ ನವೆಂಬರ್ ಬಳ್ಳಾರಿ ಮರೆಯಲಾಗದ ತಿಂಗಳು. 9ರಿಂದ 11ರವರೆಗೆ ಜಿಲ್ಲಾ ಆಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಏಳು ಬಾಣಂತಿಯರ ಸ್ಥಿತಿ ಬಿಗಡಾಯಿಸಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಸಂಶಯ ಹೋದದ್ದು ರಿಂಗರ್ಸ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ, ನೀರು ಕಳೆದುಕೊಂಡ ಮೈಗೆ ರಕ್ತನಾಳದ ಮೂಲಕ ಏರಿಸುವ, ಲವಣಗಳು ಬೆರೆತ ನೀರಿನ ಬಾಟಲಿ ಅದು. ದೊಡ್ಡ ಔಷಧವೇನಲ್ಲ. ಆದರೆ ನೇರ ರಕ್ತಕ್ಕೆ ಸೇರುವಂಥದ್ದು. ಅದರೊಳಗೆ ಬ್ಯಾಕ್ಟೀರಿಯಾದ ವಿಷ ಉಳಿದಿದ್ದರೆ ಗಂಟೆಗಳಲ್ಲಿ ಮೂತ್ರಪಿಂಡ ಕೈಕೊಡಬಹುದು, ಒಂದರ ಹಿಂದೊಂದು ಅಂಗ ಸೋಲಬಹುದು. ಆ ದ್ರಾವಣ ತಯಾರಿಸಿದ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ಸಾವುಗಳಾದ ಮೇಲೆ ಔಷಧ ನಿಯಂತ್ರಕರ ಅಮಾನತು ಆಯಿತು, ಕಂಪನಿ ಕಪ್ಪುಪಟ್ಟಿಗೆ ಸೇರಿತು, ಪರಿಹಾರ ಘೋಷಣೆಯಾಯಿತು.

ಆ ಹೆರಿಗೆ ವಾರ್ಡಿಗೆ ಬರುವವರು ಯಾರೆಂದು ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಹೊಲಿಗೆಯವರ, ಹಮಾಲರ, ಹೊಲದ ಕೂಲಿಯವರ ಮನೆಯ ಹೆಣ್ಣುಮಕ್ಕಳು. ಹತ್ತಾರು ಸಾವಿರ ಕೊಟ್ಟು ಬೇರೆ ನರ್ಸಿಂಗ್ ಹೋಮ್ ನೋಡಿಕೊಳ್ಳುವ ದಾರಿ ಅವರಿಗಿಲ್ಲ. ಬಾಟಲಿಯ ಲೇಬಲ್ ಓದಿ ಇದು ಬೇಡ ಎನ್ನುವ ಅಧಿಕಾರವಂತೂ ಇಲ್ಲವೇ ಇಲ್ಲ. ಆಯ್ಕೆಯೇ ಇಲ್ಲದವರಿಗೆ ಏರಿಸುವ ಔಷಧವನ್ನು ಉಳಿದವರದ್ದಕ್ಕಿಂತ ಎರಡು ಸಲ ಹೆಚ್ಚು ಪರೀಕ್ಷಿಸಬೇಕು. ಎರಡು ಪ್ರಯೋಗಾಲಯಗಳು ಎರಡು ಮಾತು ಹೇಳಿದಾಗ ಸಂಶಯದ ಲಾಭ ಕಂಪನಿಗೆ ಹೋಗಬಾರದು, ಮಂಚದ ಮೇಲೆ ಮಲಗಿದವಳಿಗೆ ಸಲ್ಲಬೇಕು. ಸಾಮಾಜಿಕ ನ್ಯಾಯ ಎಂದರೆ ಆಸ್ಪತ್ರೆಯ ಉಗ್ರಾಣದಲ್ಲಿ ಇದೇ. ಪುಕ್ಕಟೆ ಕೊಟ್ಟೆವು ಎಂಬಲ್ಲಿಗೆ ಹೊಣೆ ಮುಗಿಯಿತು ಎಂದುಕೊಂಡದ್ದೇ ನಮ್ಮ ದೊಡ್ಡ ತಪ್ಪು. ನಮ್ಮ ಮನೆಗಳಲ್ಲಿ ಎಂಥ ಬಡತನದಲ್ಲೂ ಬಾಣಂತಿಗೆ ಮೊದಲ ಅನ್ನ, ಇದ್ದುದರಲ್ಲಿ ಒಳ್ಳೆಯ ತುಪ್ಪ. ಆ ರೂಢಿ ಸರ್ಕಾರದ ಖರೀದಿ ಕಡತಕ್ಕೆ ಇನ್ನೂ ಬಂದಿಲ್ಲ.

ರಾಜ್ಯದ ಒಟ್ಟು ಚಿತ್ರ ಸುಧಾರಿಸಿದೆ ಎಂಬುದನ್ನು ಮರೆಮಾಚುವುದಿಲ್ಲ. ಲಕ್ಷ ಜೀವಂತ ಜನನಕ್ಕೆ 2001–03ರಲ್ಲಿ 228 ಇದ್ದ ತಾಯಂದಿರ ಸಾವು 2018–20ರಲ್ಲಿ 69ಕ್ಕೆ ಇಳಿದಿದೆ. ಆಶಾ ಕಾರ್ಯಕರ್ತೆಯರು, 108 ಆಂಬ್ಯುಲೆನ್ಸ್, ಆಸ್ಪತ್ರೆ ಹೆರಿಗೆ, ಎಲ್ಲದರ ದುಡಿಮೆ ಅದರಲ್ಲಿದೆ. ಆದರೆ ಕೇರಳದ್ದು ಅದೇ ಅವಧಿಯಲ್ಲಿ 19. ಬಳ್ಳಾರಿಯ ಘಟನೆಯ ನಂತರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳನ್ನು ಪರಿಶೀಲಿಸಿದ ತಜ್ಞರು, ಅವುಗಳಲ್ಲಿ 70 ಪ್ರತಿಶತಕ್ಕೂ ಹೆಚ್ಚನ್ನು ತಡೆಯಬಹುದಿತ್ತು ಎಂದರು.

ತಡೆಯುವುದು ಎಲ್ಲಿ? ಪಕ್ಕದ ಕೊಪ್ಪಳದಲ್ಲಿ ಸಂಶೋಧಕಿಯರಾದ ಗೀತಾ ಸೇನ್, ಅದಿತಿ ಅಯ್ಯರ್ ಮತ್ತವರ ತಂಡ ವರ್ಷಗಟ್ಟಲೆ ಸತ್ತ ತಾಯಂದಿರ ಮನೆಗಳಿಗೆ ಹೋಗಿ ಕೂತು ಕೇಳಿ ಬರೆದುಕೊಂಡದ್ದರಲ್ಲಿ ಇದಕ್ಕೆ ಉತ್ತರವಿದೆ. ಮನೆಯವರು ಅಸಡ್ಡೆ ಮಾಡಿದರು ಎಂಬ ಸುಲಭದ ಮಾತು ಅಲ್ಲಿ ನಿಲ್ಲಲಿಲ್ಲ. ಎಷ್ಟೋ ಕುಟುಂಬಗಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಿದ್ದವು. ನಮ್ಮ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಕಡೆಯವರಿಗೆ ಇದು ಹೊಸ ಕಥೆಯಲ್ಲ. ಅವರ ಬಾಯಲ್ಲಿ ಇದಕ್ಕೆ ಒಂದೇ ಶಬ್ದ: ರೆಫರ್. ಹಳ್ಳಿಯ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ ರೆಫರ್, ಅಲ್ಲಿಂದ ಬಳ್ಳಾರಿಗೆ ರೆಫರ್. ತುಂಗಭದ್ರೆಯ ನೀರುಂಡ ಭತ್ತದ ಸೀಮೆಯದು. ನಾಟಿಯ ದಿನಗಳಲ್ಲಿ ಬಸುರಿಯರೂ ಕೆಸರಿನಲ್ಲಿ ಬಗ್ಗಿ ನಿಂತಿರುತ್ತಾರೆ. ಮಳೆಯಾಶ್ರಿತ ಊರಿನವರಾದರೆ ಸುಗ್ಗಿ ಮುಗಿಯುತ್ತಲೇ ಗುಳೆ. ತಾಯಿ ಕಾರ್ಡ್ ಸೆರಗಿನ ಗಂಟಿನಲ್ಲಿ ಹೋಗುತ್ತದೆ, ಅಂಗನವಾಡಿಯ ಊಟ, ಕಬ್ಬಿಣದ ಮಾತ್ರೆ, ಪರಿಚಯದ ಆಶಾ ಊರಲ್ಲೇ ಉಳಿಯುತ್ತಾರೆ.

ಹೆರಿಗೆಯ ರಜೆಯ ಕಾಯ್ದೆಯದ್ದೂ ಇದೇ ಪಾಡು, ಬೇಕಾದವರನ್ನು ಅದು ಮುಟ್ಟುವುದಿಲ್ಲ. 2017ರ ತಿದ್ದುಪಡಿ ಅದನ್ನು 26 ವಾರಕ್ಕೆ ಏರಿಸಿದಾಗ ನಾವೆಲ್ಲ ಸಂತೋಷಪಟ್ಟೆವು. ಅದು ಅನ್ವಯಿಸುವುದು ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ. ಇಎಸ್‌ಐ ಕೂಡ ಹಾಗೆಯೇ. ನಾಲ್ಕೈದು ಮಿಷನ್ನಿನ ಕೌಲ್ ಬಜಾರ್‌ನ ಕೋಣೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಕಾಯ್ದೆ ಎಲ್ಲರಿಗೂ ಒಂದೇ ಎಂದಾಗ ಹೊರಗೆ ಉಳಿದವರು ಯಾರು ನೋಡಿ: ದಾರ ಕತ್ತರಿಸುವವಳು, ಅದೂ ಮನೆಗೆ ಒಯ್ದು ಕತ್ತರಿಸುವವಳಾದರೆ ಕಾರ್ಮಿಕಳೆಂಬ ಹೆಸರೂ ಇಲ್ಲದವಳು.

ಹಣದ ಕೊರತೆ ಎಂಬ ಮಾತನ್ನು ಈ ಜಿಲ್ಲೆಯಲ್ಲಿ ಒಪ್ಪಲಾಗದು. ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಬಂದಿದೆ, ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಯಿದೆ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ, ಅದರ ನಿಯಮದಲ್ಲಿ ಕುಡಿಯುವ ನೀರಿಗೂ ಆರೋಗ್ಯಕ್ಕೂ ಮೊದಲ ಆದ್ಯತೆ. ಕಟ್ಟಡಗಳು ಎದ್ದಿವೆ. 1961ರ ವೈದ್ಯಕೀಯ ಕಾಲೇಜು ಹೆಸರು ಬದಲಿಸಿಕೊಂಡು ಬೆಳೆದಿದೆ. ಆದರೆ ಗೋಡೆಗೆ ಸಿಗುವಷ್ಟು ಸುಲಭವಾಗಿ ಹಣ ನರ್ಸಿಗೆ, ಅರಿವಳಿಕೆ ವೈದ್ಯರಿಗೆ, ರಾತ್ರಿಪಾಳಿಯ ಲ್ಯಾಬ್ ಟೆಕ್ನಿಷಿಯನ್‌ಗೆ ಸಿಗುವುದಿಲ್ಲ. ಸಿರುಗುಪ್ಪದಲ್ಲಿ ರಾತ್ರಿ ಹನ್ನೆರಡಕ್ಕೆ ಸಿಸೇರಿಯನ್ ಆಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವವರು ಈ ಮೂವರು. ಗಣಿಯ ಹಣದಲ್ಲಿ ಇವರ ಪಗಾರ ಬರಲಿ ಎಂಬುದು ನಮ್ಮ ನೇರ ಒತ್ತಾಯ.

ಇನ್ನೊಂದು ಒತ್ತಾಯಕ್ಕೆ ಅಷ್ಟು ಹಣವೂ ಬೇಕಿಲ್ಲ: ಕ್ಲಿನಿಕ್‌ನ ಬಾಗಿಲು ಕತ್ತಲಾದ ಮೇಲೂ ತೆರೆದಿರಲಿ. 2022ರ ಡಿಸೆಂಬರ್‌ನಲ್ಲಿ ನಗರದ ಬಡವರಿಗೆಂದೇ ಸರ್ಕಾರದ ‘ನಮ್ಮ ಕ್ಲಿನಿಕ್’ಗಳು ಆರಂಭವಾದಾಗ, ರಾಜ್ಯಕ್ಕೆ 438 ಎಂದು ಲೆಕ್ಕ ಹಾಕಿ, ಬೆಳಗ್ಗೆ 9ರಿಂದ ಸಂಜೆ 4:30 ಎಂದು ವೇಳೆ ಗೊತ್ತುಮಾಡಲಾಯಿತು. ಸರ್ಕಾರಿ ಕಚೇರಿಗೆ ಹೊಂದುವ ವೇಳೆ ಅದು. ಕೂಲಿಯವರ ಮಿಷನ್ ನಿಲ್ಲುವುದು ಕತ್ತಲಾದ ಮೇಲೆ. ಆಗ ಕೌಲ್ ಬಜಾರ್‌ಗೆ ಬಂದು ನಿಂತು ನೋಡಬೇಕು. ಓಣಿಯಿಂದ ಹೊರಬಂದ ಹೆಂಗಸರು ಸೆರಗಿನಿಂದ ಕೈಯ ನೀಲಿ ಒರೆಸಿಕೊಳ್ಳುತ್ತ ಮೆಡಿಕಲ್ ಶಾಪಿನ ಕಟ್ಟೆಯ ಮುಂದೆ ನಿಂತು, ಕೆಮ್ಮಿಗೊಂದು, ಸುಸ್ತಿಗೊಂದು ಗುಳಿಗೆ ಕೇಳುತ್ತಿರುತ್ತಾರೆ.