ಗಿಟಾರಿನ ಗುಂಯ್ ಮತ್ತು ನಿರಪರಾಧಿ ಮುಚ್ಚಳ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ತಂದೆ, ಮಗ ಇಬ್ಬರೂ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಮಗ ನನ್ನ ಹಳೆಯ ವಿದ್ಯಾರ್ಥಿ, ಈಗ ದ್ವಿತೀಯ ಪಿಯುಸಿ. ತಂದೆಗೆ ಪೇಟೆಯಲ್ಲಿ ದಿನಸಿ ಅಂಗಡಿ. ಹುಡುಗನ ಹೆಗಲಿಗೆ ಅವನಷ್ಟೇ ಉದ್ದದ ಒಂದು ಚೀಲ ತೂಗುಬಿದ್ದಿತ್ತು. ಒಳಗಿದ್ದದ್ದು ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್.

"ನೋಡಿ ಮೇಷ್ಟ್ರೇ, ಚೆನ್ನಾಗಿದ್ದ ವಸ್ತು ಬಿಚ್ಚಿ ಹಾಳು ಮಾಡ್ಕೊಂಡು ಕೂತಿದಾನೆ. ಮುಂದಿನ ವಾರ ಗಣೇಶನ ಪೆಂಡಾಲಿನಲ್ಲಿ ಇವರ ಆರ್ಕೆಸ್ಟ್ರಾ. ಈಗ ಹಾಕಿದರೆ ಬರೀ ಗುಂಯ್ ಅನ್ನುತ್ತೆ" ಎಂದರು ತಂದೆ.

"ಸಾರ್, ತಂತಿ ಮೇಲಿದ್ದ ಸ್ಟೀಲ್ ಮುಚ್ಚಳ ಕೈಗೆ ಅಡ್ಡ ಬರ್ತಿತ್ತು. ಅದನ್ನು ತೆಗೆದೆ, ಅಷ್ಟೆ. ಮುಚ್ಚಳ ತೆಗೆದರೆ ಒಳಗಿನ ಮ್ಯಾಗ್ನೆಟ್ಟಿನ ಶಕ್ತಿ ಹೋಗಿಬಿಡುತ್ತಾ ಸಾರ್?" ಎಂದು ಹುಡುಗ ಅಳುಕುತ್ತಾ ಕೇಳಿದ.

ಪ್ರಶ್ನೆ ಒಳ್ಳೆಯದೇ. ವಿದ್ಯಾರ್ಥಿಗಳೇ, ಮೊದಲು ಆ ಅಯಸ್ಕಾಂತ ಅಲ್ಲಿ ಏನು ಮಾಡುತ್ತದೆ ಎಂಬುದನ್ನು ನೋಡೋಣ.

ವೀಣೆಗೆ ಕೊಡವಿದೆ, ಸಾಧಾರಣ ಗಿಟಾರಿಗೆ ಟೊಳ್ಳು ಹೊಟ್ಟೆಯಿದೆ. ತಂತಿಯ ಕಂಪನ ಅಲ್ಲಿನ ಮರವನ್ನೂ ಗಾಳಿಯನ್ನೂ ಅಲುಗಿಸಿ ದೊಡ್ಡದಾಗಿ ಕೇಳಿಸುತ್ತದೆ. ಎಲೆಕ್ಟ್ರಿಕ್ ಬೇಸ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಹಲಗೆ. ವಿದ್ಯುತ್ತಿಲ್ಲದೆ ನುಡಿಸಿದರೆ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ಅದರ ಕಿವಿ ಎಂದರೆ ತಂತಿಗಳ ಕೆಳಗಿರುವ 'ಪಿಕಪ್'. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಆಯಿತು.

ಅಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಯ ಆ ಒಂದಿಷ್ಟು ಭಾಗವನ್ನೂ ಪುಟ್ಟ ಅಯಸ್ಕಾಂತವನ್ನಾಗಿ ಮಾಡುತ್ತದೆ. ತಂತಿ ಮೀಟಿದಾಗ ಆ ಪುಟ್ಟ ಅಯಸ್ಕಾಂತ ಅತ್ತಿತ್ತ ಓಲಾಡುತ್ತದೆ. ಕಾಂತಕ್ಷೇತ್ರ ಬದಲಾಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಹುಟ್ಟುವ ವಿದ್ಯುತ್ತು ಒಂದು ಟಾರ್ಚ್ ಸೆಲ್ಲಿನ 1.5 ವೋಲ್ಟಿಗಿಂತ ಸಾಮಾನ್ಯವಾಗಿ ಎಷ್ಟೋ ಕಡಿಮೆ. ಆದರೆ ತಂತಿ ಸೆಕೆಂಡಿಗೆ 55 ಸಲ ಕಂಪಿಸಿದರೆ ವಿದ್ಯುತ್ತೂ 55 ಸಲ ಏರಿಳಿಯುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ.

ಇದರಿಂದ ಎರಡು ಸಂಗತಿಗಳು ತಾವಾಗಿಯೇ ತಿಳಿಯುತ್ತವೆ. ಒಂದು, ನೈಲಾನ್ ತಂತಿ ಕಟ್ಟಿದರೆ ಈ ಪಿಕಪ್ ಕಿವುಡು. ಅಯಸ್ಕಾಂತಕ್ಕೆ ಒಲಿಯುವ ಉಕ್ಕೋ ನಿಕಲ್ಲೋ ಬೇಕು. ಎರಡು, ಅಯಸ್ಕಾಂತ ಹತ್ತಿರವಾದಷ್ಟೂ ಒಳ್ಳೆಯದಲ್ಲ. ತೀರಾ ಹತ್ತಿರ ತಂದರೆ ಅದು ತಂತಿಯನ್ನೇ ಎಳೆದು ಹಿಡಿದು, ನಾದ ಬೇಗ ಸಾಯುತ್ತದೆ, ಶ್ರುತಿಯೂ ಕೆಡುತ್ತದೆ. ಪಿಕಪ್ಪಿನ ಅಕ್ಕಪಕ್ಕದ ತಿರುಪುಗಳು ಇರುವುದು ಈ ಅಂತರವನ್ನು ಸರಿಪಡಿಸಲಿಕ್ಕೆ.

ಈಗ ಮುಚ್ಚಳದ ಕಥೆ. ಅಮೆರಿಕದಲ್ಲಿ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ 1930ರ ದಶಕದ ಆರಂಭದಲ್ಲಿ ತಂದ 'ಫ್ರೈಯಿಂಗ್ ಪ್ಯಾನ್' ಎಂಬ ಗಿಟಾರಿನಲ್ಲಿ (ನೋಡಲು ಬಾಣಲೆಯಂತೆಯೇ ಇತ್ತು!) ತಂತಿಗಳ ಮೇಲೆ ಕಮಾನಿನಂತೆ ಬಾಗಿದ ಲೋಹವಿತ್ತು. ಯಾರೇ ನೋಡಿದರೂ ಮುಚ್ಚಳ ಎನ್ನಬೇಕು. ಆದರೆ ಅದು ಮುಚ್ಚಳವಲ್ಲ, ಕುದುರೆ ಲಾಳದ ಆಕಾರದ ಅಯಸ್ಕಾಂತ! ತಂತಿಗಳು ಅದರ ನಡುವೆಯೇ ಹಾದುಹೋಗುತ್ತಿದ್ದವು. ಇದೇ ಬಗೆಯ ಪಿಕಪ್ ಮುಂದೆ 1957ರ ರಿಕನ್‌ಬ್ಯಾಕರ್ ಬೇಸ್ ಗಿಟಾರಿಗೂ ಬಂತು. ಅಲ್ಲಿ ಅದನ್ನು ಬಿಚ್ಚಿ ಎಸೆದರೆ ಗಿಟಾರೇ ಮೂಗಾಗುತ್ತದೆ.

ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್ ಅವರ ದಾರಿ ಬೇರೆ. ಲೆಕ್ಕಪತ್ರ ಕಲಿತು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಆಳೆತ್ತರದ ಡಬಲ್ ಬೇಸ್ ವಾದ್ಯವನ್ನು ಹೊತ್ತು ತಿರುಗುವುದು ವಾದಕರಿಗೆ ಕಷ್ಟ, ಜೋರಾದ ವಾದ್ಯಗಳ ನಡುವೆ ಅದು ಕೇಳಿಸುವುದೂ ಕಷ್ಟ. ಇದನ್ನು ಕಂಡು ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಹೊರತಂದರು. ವೀಣೆಯಂತೆ ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತಿತ್ತು. ಹೆಸರು ಬಂದದ್ದೇ ಅದರಿಂದ. ಅದರಲ್ಲಿ ಅಯಸ್ಕಾಂತ ತಂತಿಯ ಕೆಳಗೆ. ಮೇಲೆ ಎರಡು ಹೊಳೆಯುವ ಲೋಹದ ಮುಚ್ಚಳಗಳು: ಒಂದು ಪಿಕಪ್ಪಿನ ಮೇಲೆ, ಇನ್ನೊಂದು ತಂತಿ ಕೊನೆಗೊಳ್ಳುವ ಸೇತುವೆಯ ಮೇಲೆ.

ಸೇತುವೆಯ ಮುಚ್ಚಳದ ಒಳಗೆ ತಂತಿಗಳಿಗೆ ಒತ್ತುವಂತೆ ಮೆತ್ತನೆಯ ಪಟ್ಟಿಯೊಂದನ್ನು ಅಂಟಿಸುತ್ತಿದ್ದರು. ನಾದ ಹೆಚ್ಚು ಹೊತ್ತು ಉಳಿಯದೆ, ಡಬಲ್ ಬೇಸ್‌ನಂತೆ 'ದುಂ' ಎಂದು ಬೇಗ ಅಡಗಲಿ ಎಂದು. ಪಿಕಪ್ ಮೇಲಿನ ಮುಚ್ಚಳ ಕೈಗೆ ಆಸರೆ, ಕಣ್ಣಿಗೆ ಅಲಂಕಾರ, ಪಿಕಪ್ಪಿಗೆ ಪೆಟ್ಟಿನಿಂದ ರಕ್ಷಣೆ. ಬೆರಳಿನಿಂದ ನುಡಿಸುವವರಿಗೆ ಅವು ಅಡ್ಡಿಯೆನಿಸಿ, ಎಷ್ಟೋ ವಾದಕರು ಎರಡನ್ನೂ ಬಿಚ್ಚಿಟ್ಟರು. ಬಿಚ್ಚಿಟ್ಟ ಮುಚ್ಚಳಕ್ಕೆ 'ಆಶ್‌ಟ್ರೇ' ಎಂಬ ಅಡ್ಡಹೆಸರೂ ಬಿತ್ತು! ನಮ್ಮ ಹುಡುಗ ಮಾಡಿದ್ದು ಹೊಸ ಅಪರಾಧವೇನೂ ಅಲ್ಲ. ಅಯಸ್ಕಾಂತದ ಶಕ್ತಿಯೂ ಹೀಗೆ ಹೋಗುವುದಿಲ್ಲ. ಮುಚ್ಚಳ ತೆಗೆದರೆ ಆರಿಹೋಗಲು ಅದೇನು ಬಿಸಿ ಸಾರೇ?

ಆದರೆ ಲೋಹದ ಕವಚಕ್ಕೆ ಇನ್ನೊಂದು ಕೆಲಸವೂ ಉಂಟು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಅತ್ತಿತ್ತ ಹರಿಯುವಂಥದು. ಗೋಡೆಯೊಳಗಿನ ವೈರು, ಟ್ಯೂಬ್‌ಲೈಟು, ಟ್ರಾನ್ಸ್‌ಫಾರ್ಮರು ಎಲ್ಲವೂ ಸುತ್ತಲೂ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರಗಳನ್ನು ಹರಡುತ್ತವೆ. ಸಾವಿರಾರು ಸುತ್ತಿನ ಸುರುಳಿ ಅವನ್ನೂ ಹಿಡಿದು 'ಗುಂಯ್' ಎನ್ನುತ್ತದೆ. ಬೇಸ್ ಗಿಟಾರಿನ ಪಾಡು ನೋಡಿ: ಅದರ ನಾಲ್ಕು ತಂತಿಗಳ ಕಂಪನ ಸೆಕೆಂಡಿಗೆ ಸುಮಾರು 41, 55, 73 ಮತ್ತು 98. ನಮ್ಮ 50ರ ಗುಂಯ್ ಮೊದಲೆರಡು ತಂತಿಗಳ ನಡುವೆಯೇ ಬಂದು ಕೂರುತ್ತದೆ! ಅದನ್ನಷ್ಟೇ ಸೋಸಿ ತೆಗೆಯಲು ಹೋದರೆ ಹಾಡಿನ ಸ್ವರವೂ ಹೋಗುತ್ತದೆ.

ಪಿಕಪ್ಪನ್ನು ಲೋಹದ ಕವಚದಿಂದ ಮುಚ್ಚಿ, ಆ ಕವಚವನ್ನು ಭೂಸಂಪರ್ಕದ ತಂತಿಗೆ ಬೆಸೆದರೆ ವಿದ್ಯುತ್ ಕ್ಷೇತ್ರದ ಕಾಟ ತಗ್ಗುತ್ತದೆ. ಇದೂ ಫ್ಯಾರಡೆ ಕಲಿಸಿದ ಪಾಠವೇ. ಪಿಕಪ್ಪಿಗೆ ಅಂಟಿಕೊಂಡಂತಿರುವ ಇಂಥ ಕವಚವನ್ನು ಕಬ್ಬಿಣದಿಂದ ಮಾಡುವುದಿಲ್ಲ. ಅದು ಅಯಸ್ಕಾಂತದ ಬಲರೇಖೆಗಳನ್ನು ದಾರಿ ತಪ್ಪಿಸುತ್ತದೆ. ಅದಕ್ಕೆ ಬಳಸುವುದು ಹೆಚ್ಚಾಗಿ ಜರ್ಮನ್ ಸಿಲ್ವರ್: ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಳ್ಳಿ ಹೆಸರಿನಲ್ಲಿ ಮಾತ್ರ. ಆದರೆ ತೆಳು ಕವಚವೊಂದು 50ರ ಕಾಂತಕ್ಷೇತ್ರವನ್ನು ತಡೆಯಲಾರದು. ಅದಕ್ಕೆ ಬೇರೆ ಉಪಾಯ ಬೇಕು.

ಆ ಉಪಾಯ ಬಲು ಚೆಂದ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಒಂದರ ಬದಲು ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರು. ಹೊರಗಿನ ಗುಂಯ್ ಒಂದರಲ್ಲಿ ಧನವಾದರೆ ಇನ್ನೊಂದರಲ್ಲಿ ಋಣ. ಕೂಡಿದರೆ ಸೊನ್ನೆಗೆ ಹತ್ತಿರ. ತಂತಿಯ ನಾದವೂ ಸೊನ್ನೆಯಾಗಬಾರದಲ್ಲ? ಅದಕ್ಕೆ ಎರಡನೆಯ ಸುರುಳಿಯ ಅಯಸ್ಕಾಂತವನ್ನೂ ತಿರುವುಮುರುವಾಗಿಟ್ಟರು. ಸುರುಳಿ ಋಣ, ಅಯಸ್ಕಾಂತ ಋಣ. ಋಣವನ್ನು ಋಣದಿಂದ ಗುಣಿಸಿದರೆ ಧನ! ನಾದ ಉಳಿಯಿತು, ಗುಂಯ್ ಅಳಿಯಿತು. ಗಣಿತದ ಮೇಷ್ಟ್ರು ಹೇಳಿಕೊಟ್ಟ ಆ ನಿಯಮ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವವರು ಇದನ್ನು ನೆನಪಿಡಿ. ಫೆಂಡರ್ ಕೂಡ 1957ರಲ್ಲಿ ತಮ್ಮ ಬೇಸ್ ಪಿಕಪ್ಪನ್ನು ಎರಡು ತುಂಡು ಮಾಡಿ, ಎರಡೆರಡು ತಂತಿಗೆ ಒಂದೊಂದು ಸುರುಳಿಯಿಟ್ಟು ಗುಂಯ್ ತಗ್ಗಿಸಿದರು.

ಇಷ್ಟನ್ನೂ ತಂದೆ-ಮಗನಿಗೆ ಉತ್ಸಾಹದಿಂದ ವಿವರಿಸಿ, "ನಿನ್ನದು ಒಂದೇ ಸುರುಳಿಯ ಹಳೇ ಮಾದರಿ. ಮುಚ್ಚಳ ತೆಗೆದದ್ದೇ ಗುಂಯ್‌ಗೆ ಕಾರಣ, ಮತ್ತೆ ಹಾಕು" ಎಂದು ತೀರ್ಪು ಕೊಟ್ಟೆ. ತಂದೆಗೆ ಸಂತೋಷವಾಯಿತು. "ನಾನು ಹೇಳಲಿಲ್ವಾ?" ಎಂಬಂತೆ ಮಗನನ್ನು ನೋಡಿದರು. ಅವರ ಮನೆಗೇ ಹೋಗಿ, ಮುಚ್ಚಳ ಕೂರಿಸಿ, ಆಂಪ್ಲಿಫೈಯರ್ ಹಚ್ಚಿದೆವು. ಗುಂಯ್! ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ತಲೆ ಬಗ್ಗಿಸಿ ನೋಡಿದೆ. ಮುಚ್ಚಳ ನಿಂತಿದ್ದುದು ಮರಕ್ಕೆ ಹೊಡೆದ ಎರಡು ತಿರುಪುಗಳ ಮೇಲೆ. ಅದಕ್ಕೆ ಭೂಸಂಪರ್ಕದ ತಂತಿಯೇ ಇರಲಿಲ್ಲ. ಅಂದರೆ ಅದು ಎಂದೂ ಹೇಳಿಕೊಳ್ಳುವಂಥ ತಡೆಯಾಗಿರಲಿಲ್ಲ. ಬಿಚ್ಚಿ ನೋಡುವ ಮೊದಲೇ ತೀರ್ಪು ಕೊಟ್ಟಿದ್ದೆ. ಅಷ್ಟರಲ್ಲಿ ಹುಡುಗ ಮೆಲ್ಲಗೆ ಹೇಳಿದ: "ಸಾರ್, ಇನ್ನೊಂದು ವಿಷಯ. ತಂತಿ ಹಿಡಿದುಕೊಂಡು ಮೈಕಿನ ಹತ್ತಿರ ಹಾಡೋಕೆ ಹೋದರೆ ತುಟಿಗೆ ಜುಮ್ ಅನ್ನುತ್ತೆ."

ನನ್ನ ಎದೆ ಧಸಕ್ಕೆಂದಿತು. ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತೆ. "ಮುಚ್ಚಳ ತೆಗೆದ ದಿನ ಇನ್ನೇನಾದರೂ ಬದಲಾಯಿಸಿದ್ದೆಯಾ?" ಎಂದು ಆಗ ಕೇಳಿದೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ. ಅದೇ ದಿನ ಹೊಸ ಎಕ್ಸ್‌ಟೆನ್ಷನ್ ಬಾಕ್ಸ್ ತಂದಿದ್ದನಂತೆ. ತೆರೆದು ನೋಡಿದರೆ ಮೂರು ತೂತಿನ ಪೆಟ್ಟಿಗೆಗೆ ಎರಡೇ ವೈರು! ಅರ್ಥ್ ತೂತು ಬರೀ ತೋರಿಕೆಗೆ. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯಿತು ಎಂಬ ಗಾದೆ ಇದಕ್ಕೇ ಹುಟ್ಟಿರಬೇಕು.

ಪೋಷಕರು ಇಲ್ಲಿ ದಯವಿಟ್ಟು ಗಮನಿಸಬೇಕು. ಗಿಟಾರಿನ ತಂತಿಗಳು ಒಂದು ವೈರಿನ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ, ಅಲ್ಲಿಂದ ಪ್ಲಗ್ಗಿನ ದಪ್ಪ ಪಿನ್ನಿನ ಮೂಲಕ ಭೂಮಿಗೆ ಸೇರಿರುತ್ತವೆ. ಆ ದಾರಿ ತುಂಡಾದರೆ ಗುಂಯ್ ಹೆಚ್ಚುವುದಷ್ಟೇ ಅಲ್ಲ, ಆಂಪ್ಲಿಫೈಯರಿನಲ್ಲಿ ದೋಷವೊಂದು ಬಂದರೆ 230 ವೋಲ್ಟು ನೇರವಾಗಿ ಮಗುವಿನ ಬೆರಳಿಗೆ ಬರುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದ ವೇದಿಕೆಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ಪ್ರಾಣ ಕಳೆದುಕೊಂಡರು. ನಮ್ಮ ಹುಡುಗ ನಿಲ್ಲಬೇಕಾಗಿದ್ದುದು ಮಳೆಗಾಲದ ಒದ್ದೆ ನೆಲದ ಪೆಂಡಾಲಿನಲ್ಲಿ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಉದ್ದವಾಗಿ, ದಪ್ಪವಾಗಿ ಏಕಿದೆ? ಚುಚ್ಚುವಾಗ ಎಲ್ಲಕ್ಕಿಂತ ಮೊದಲು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಅದೇ ಸಂಪರ್ಕದಲ್ಲಿರಲಿ ಎಂದು. ಗುಂಯ್ ಹೋಗಲೆಂದೋ, ಎರಡು ತೂತಿನ ಸಾಕೆಟ್ಟಿಗೆ ಹೊಂದಲೆಂದೋ ಅದನ್ನು ಮುರಿಯುವವರಿದ್ದಾರೆ. ಎಂದಿಗೂ ಮಾಡಬೇಡಿ. ಮಕ್ಕಳು ನುಡಿಸುವ ಜಾಗದ ವೈರಿಂಗನ್ನು ಬಲ್ಲ ಎಲೆಕ್ಟ್ರಿಷಿಯನ್ ಒಮ್ಮೆ ಪರೀಕ್ಷಿಸಲಿ. ಸೋರುವ ವಿದ್ಯುತ್ತನ್ನು ಗುರುತಿಸಿ ಥಟ್ಟನೆ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. 'ಜುಮ್' ಎಂದರೆ ಅದು ತಮಾಷೆಯಲ್ಲ, ಎಚ್ಚರಿಕೆ.

ವಿದ್ಯಾರ್ಥಿಗಳೇ, ಪಿಕಪ್ಪನ್ನು ನೀವೂ ಮಾಡಿ ನೋಡಬಹುದು. ಮೋಟಾರ್ ವೈಂಡಿಂಗ್ ಅಂಗಡಿಯಿಂದ ಅತಿ ತೆಳುವಾದ ಎನಾಮಲ್ ತಂತಿ ತಂದು, ಪುಟ್ಟ ಅಯಸ್ಕಾಂತವಿರುವ ನೂಲಿನ ಉರುಳೆಯ ಮೇಲೆ ಸಾವಿರ ಸುತ್ತು ಸುತ್ತಿ. ಎರಡೂ ತುದಿಗಳ ಎನಾಮಲ್ ಕೆರೆದು, ಬ್ಯಾಟರಿಯಿಂದ ನಡೆಯುವ ಚಿಕ್ಕ ಸ್ಪೀಕರಿನ ಮೈಕ್ ಜಾಗಕ್ಕೆ ಜೋಡಿಸಿ; ಮನೆಯ ಕರೆಂಟು ಬೇಡವೇ ಬೇಡ. ಹಲಗೆಗೆ ಬಿಗಿದ ಉಕ್ಕಿನ ತಂತಿ, ತಾಮ್ರದ ತಂತಿ, ನೈಲಾನ್ ದಾರಗಳನ್ನು ಅದರ ಮೇಲೆ ಒಂದೊಂದಾಗಿ ಮೀಟಿ. ಯಾವುದು ಹಾಡುತ್ತದೆ, ಯಾವುದು ಮೌನ, ಏಕೆ ಎಂದು ಬರೆದಿಡಿ.

ಎಲೆಕ್ಟ್ರಿಷಿಯನ್ ಬಂದು ಮೂರನೆಯ ವೈರು ಹಾಕಿದ ಮೇಲೆ ಜುಮ್ ಪೂರ್ತಿ ನಿಂತಿತು, ಗುಂಯ್ ಬಹುಪಾಲು ಅಡಗಿತು. ಉಳಿದ ಚೂರು ಒಂಟಿ ಸುರುಳಿಯ ಸ್ವಭಾವ. ಗಣೇಶನ ಪೆಂಡಾಲಿಗೆ ನಾನೂ ಹೋಗಿದ್ದೆ. ತಂದೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಮಗ ಮುಚ್ಚಳವಿಲ್ಲದ ಗಿಟಾರನ್ನೇ ನುಡಿಸುತ್ತಿದ್ದ. ಮುಚ್ಚಳ ತಂದೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಚಿಲ್ಲರೆ ಹಾಕಲು ಉಪಯೋಗವಾಗುತ್ತಿದೆಯಂತೆ.