ರಿಸರ್ವ್‌ಗೆ ಬಿದ್ದ ಮೇಲೆ ಬಂಕ್ ಹುಡುಕೋದು

ಕಳಸದ ಕಡೆಯವರಿಗೆ ಇದು ಗೊತ್ತಿರುತ್ತೆ: ಕಾರ್ಕಳಕ್ಕೆ ಹೊರಟರೆ ಮೊದಲು ಪೆಟ್ರೋಲ್, ಆಮೇಲೆ ಬೇರೆ ಮಾತು. ಕುದುರೆಮುಖ ದಾಟಿ ಎಸ್.ಕೆ. ಬಾರ್ಡರ್ ಕಡೆ ಕಾಡೊಳಗೆ ಹೋದರೆ ಬಂಕೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೋದ ರಜೆಯಲ್ಲಿ ನಾವು ಐದು ಜನ ಮೂರು ಬೈಕಲ್ಲಿ ಇಳೀತಿದ್ದಾಗ ಒಂದು ಗಾಡಿ ರಿಸರ್ವ್‌ಗೆ ಬಿತ್ತು. ಸ್ವಲ್ಪ ಹೊತ್ತಿಗೆ ರಿಸರ್ವೂ ಮುಗೀತು. ಹಳೇ ಸ್ಪ್ಲೆಂಡರ್‌ನ ಪೈಪ್ ಕಳಚಿ, ನೀರಿನ ಬಾಟಲಿಗೆ ಅರ್ಧ ಲೀಟರ್ ಇಳಿಸಿ, ಅದನ್ನ ಈ ಗಾಡಿಗೆ ಸುರಿದು, ಚೆಕ್‌ಪೋಸ್ಟ್‌ನವರು ಚೀಟಿಯಲ್ಲಿ ಬರೆದುಕೊಟ್ಟ ಟೈಮ್ ಮುಗಿಯೋದ್ರೊಳಗೆ ಹೇಗೋ ಆಚೆ ಬಂದ್ವಿ. ಬಜಗೋಳಿಯಲ್ಲಿ ಬನ್ಸ್ ತಿಂತಾ ಕೂತಾಗ ಮಾತು ಶುರುವಾಯ್ತು. ಇದೇ ಕೆಲಸವನ್ನ ವಾಯುಪಡೆಯವರು 20,000 ಅಡಿ ಎತ್ತರದಲ್ಲಿ ಮಾಡ್ತಾರಲ್ಲ, ಅಂಥ ವಿಮಾನ ನಮ್ಮ ದೇಶದ ಹತ್ರ ಎಷ್ಟಿವೆ?

ಹುಡುಕಿದ್ವಿ. ಸ್ವಂತದ್ದು ಆರು. ಇಲ್ಯೂಶಿನ್-78 ಅನ್ನೋ ನಾಲ್ಕು ಎಂಜಿನ್ನಿನ ವಿಮಾನಗಳು. 2003ರಲ್ಲಿ ಬಂದವು, ಆಗ್ರಾದ 78ನೇ ಸ್ಕ್ವಾಡ್ರನ್‌ಗೆ ಸೇರಿದವು. ಅಂದ್ರೆ ನಾವು ಹುಟ್ಟೋ ಮುಂಚೆ ಬಂದ ಆರು.

(ಇದಕ್ಕೆ ಕನ್ನಡದಲ್ಲಿ 'ವೈಮಾನಿಕ ಇಂಧನ ಮರುಪೂರಣ' ಅಂತ ಬರೆದು ನೋಡಿದ್ವಿ. ಇಂಗ್ಲಿಷ್ ಮೀಡಿಯಂನವರಾದ ನಮಗೆ ನಾವು ಬರೆದಿದ್ದೇ ಅರ್ಥ ಆಗ್ಲಿಲ್ಲ. ಟ್ಯಾಂಕರ್ ಅಂತಲೇ ಬರೀತೀವಿ, ಸಂಪಾದಕರು ಕ್ಷಮಿಸಬೇಕು.)

ಟ್ಯಾಂಕರ್ ರೆಕ್ಕೆಯ ಕೆಳಗಿಂದ ಉದ್ದನೆಯ ಹೋಸ್ ಪೈಪ್ ಬಿಡುತ್ತೆ. ತುದಿಯಲ್ಲಿ ಬುಟ್ಟಿಯ ಥರದ್ದೊಂದು ಇರುತ್ತೆ. ಹಿಂದಿನ ಫೈಟರ್ ತನ್ನ ಮೂತಿಯ ಹತ್ರ ಇರೋ ಕೊಳವೆಯನ್ನ ಗಾಳಿಯಲ್ಲಿ ಓಲಾಡ್ತಿರೋ ಆ ಬುಟ್ಟಿಯೊಳಗೆ ತೂರಿಸಬೇಕು. ದೂರ ಹೋಗೋಕೆ ಮಾತ್ರ ಇದು ಬೇಕು ಅಂತ ನಾವೂ ಅಂದ್ಕೊಂಡಿದ್ವಿ. ವಿಷಯ ಅಷ್ಟೇ ಅಲ್ಲ. ಲೇಹ್ ಏರ್‌ಫೀಲ್ಡ್ ಇರೋದು 10,000 ಅಡಿಗೂ ಮೇಲೆ. ಅಲ್ಲಿ ಗಾಳಿ ತೆಳು, ರೆಕ್ಕೆಗೂ ಎಂಜಿನ್‌ಗೂ ಸಿಗಬೇಕಾದಷ್ಟು ಸಿಗಲ್ಲ. ಫುಲ್ ಟ್ಯಾಂಕ್, ಫುಲ್ ಆಯುಧ ಎರಡನ್ನೂ ಹೊತ್ಕೊಂಡು ಏಳೋಕೆ ಆಗಲ್ಲ, ಒಂದನ್ನ ಬಿಡಬೇಕು. ಟ್ಯಾಂಕರ್ ಇದ್ದರೆ ಅರ್ಧ ಟ್ಯಾಂಕಲ್ಲಿ ಎದ್ದು, ಮೇಲೆ ಹೋಗಿ ತುಂಬಿಸ್ಕೋಬಹುದು. ಇರೋ ಒಂದೇ ಫೈಟರ್ ಎರಡು ಫೈಟರ್‌ನ ಕೆಲಸ ಮಾಡೋದು ಹೀಗೆ.

ಚರಿತ್ರೆಯಲ್ಲಿ ನಮಗೆ ತುಂಬಾ ಹಿಡಿಸಿದ್ದು 1934ರ ಒಂದು ಪ್ರಯತ್ನ. ಅಲನ್ ಕಾಬಮ್ ಅನ್ನೋ ಬ್ರಿಟಿಷ್ ಪೈಲಟ್ ಇಂಗ್ಲೆಂಡಿಂದ ಆಗಿನ ಭಾರತದ ಕರಾಚಿಗೆ ಎಲ್ಲೂ ಇಳಿಯದೆ, ದಾರಿಯಲ್ಲಿ ಆಕಾಶದಲ್ಲೇ ತುಂಬಿಸ್ಕೊಂಡು ಬರ್ತೀನಿ ಅಂತ ಹೊರಟ. ಮಾಲ್ಟಾದಲ್ಲಿ ನಿಂತುಹೋಯ್ತು. ಪೆಟ್ರೋಲ್ ಮುಗಿದು ಅಲ್ಲ, ಥ್ರಾಟಲ್ ಜೋಡಣೆಯ ಒಂದು ಸ್ಪ್ಲಿಟ್ ಪಿನ್ ಬಿದ್ದುಹೋಗಿ! ವರ್ಕ್‌ಶಾಪ್ ಲ್ಯಾಬಲ್ಲಿ ನಾವು ಕಾಲಡಿ ಬೀಳಿಸ್ಕೊಂಡು ಹುಡುಕದೇ ಬಿಡ್ತೀವಲ್ಲ, ಅದೇ ಪಿನ್. ಅವನಿಗೆ ಇಂಧನ ಕೊಟ್ಟು ವಾಪಸ್ ಹೋಗ್ತಿದ್ದ ಟ್ಯಾಂಕರ್ ಅದೇ ದಿನ ಬಿದ್ದು ನಾಲ್ಕು ಜನ ಸತ್ತರು. ಆದರೂ ಅವನು ಬಿಡಲಿಲ್ಲ. ಅವನು ಕಟ್ಟಿದ ಕಂಪನಿಯೇ ಮುಂದೆ ಈ ಹೋಸು-ಬುಟ್ಟಿ ಪದ್ಧತಿಯನ್ನ ತಂತು.

ಈಗ ನಮ್ಮ ತಕರಾರಿಗೆ ಬರೋಣ. ಯಲಹಂಕದ ಏರೋ ಇಂಡಿಯಾಕ್ಕೆ ಹೋದಾಗ ಎಲ್ಲರ ಕತ್ತೂ ತೇಜಸ್, ಸುಖೋಯ್ ಕಡೆಗೇ. ತೇಜಸ್ ನಮ್ಮ ಬೆಂಗಳೂರಿನದು, ಹೆಮ್ಮೆ ಪಡಬೇಕಾದ್ದೇ. ಆದರೆ 2018ರ ಸೆಪ್ಟೆಂಬರ್ 10ರಂದು ಅದೇ ತೇಜಸ್ 20,000 ಅಡಿಯಲ್ಲಿ ಮೊದಲ ಸಲ 1,900 ಕಿಲೋ ಇಂಧನ ಕುಡಿದಾಗ ಕೊಟ್ಟಿದ್ದು ಆ ಹಳೇ ಇಲ್ಯೂಶಿನ್. ಅದರ ಆರೋಗ್ಯ ಹೇಗಿದೆ? 2010ರಿಂದ 2016ರವರೆಗೆ ಈ ಟ್ಯಾಂಕರ್‌ಗಳು ಹಾರಾಟಕ್ಕೆ ಸಿದ್ಧ ಇದ್ದದ್ದು ಸರಾಸರಿ 49%, ಇರಬೇಕಾಗಿದ್ದು 70% ಅಂತ 2017ರಲ್ಲಿ ಸಿಎಜಿ ವರದಿ ಹೇಳಿತು. ಇಂಟರ್ನಲ್ಸ್‌ನಲ್ಲಿ 49 ಬಂದ್ರೆ ನಮಗೆ ಪಾಸ್, ಇಲ್ಲಿ ಅಲ್ಲ. ಹೊಸದು ತಗೊಳ್ಳೋಣ ಅಂತ ಎರಡು ಸಲ ಟೆಂಡರ್ ನಡೀತು, ಎರಡು ಸಲವೂ ಏರ್‌ಬಸ್ ಎ330 ಟ್ಯಾಂಕರ್ ಮುಂದೆ ಬಂತು, 2010ರಲ್ಲೊಮ್ಮೆ 2016ರಲ್ಲೊಮ್ಮೆ ರದ್ದಾಯ್ತು. ಮುಖ್ಯ ಕಾರಣ ದುಡ್ಡು. 2020ರಲ್ಲಿ ಮೊದಲ ರಫೇಲ್‌ಗಳು ಫ್ರಾನ್ಸಿಂದ ಬರೋವಾಗ ದಾರಿಯಲ್ಲಿ ಇಂಧನ ಕೊಟ್ಟಿದ್ದು ಫ್ರೆಂಚರ ಎ330. ನಾವು ಕೊಳ್ಳದೇ ಬಿಟ್ಟ ವಿಮಾನ.

2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ ಒಂದೇ ದಿನ ಎರಡು ಸುದ್ದಿ ಕೊಟ್ಟಿತು. ಎಚ್‌ಎಎಲ್‌ನಿಂದ 156 ಪ್ರಚಂಡ್ ಹೆಲಿಕಾಪ್ಟರ್, ಬೆಂಗಳೂರು ಮತ್ತು ತುಮಕೂರಲ್ಲಿ ತಯಾರಿ. ಇದನ್ನ ಎಲ್ಲರೂ ಸ್ಟೇಟಸ್ ಹಾಕಿದ್ರು. ಇನ್ನೊಂದು, ಪೈಲಟ್‌ಗಳ ತರಬೇತಿಗೆ ಮೆಟ್ರಿಯಾ ಅನ್ನೋ ಖಾಸಗಿ ಕಂಪನಿಯಿಂದ ಒಂದು ಕೆಸಿ-135 ಟ್ಯಾಂಕರ್, ಸಿಬ್ಬಂದಿ ಸಮೇತ ಬಾಡಿಗೆಗೆ. ಕಳಸದಲ್ಲಿ ಡ್ರೈವರ್ ಸಮೇತ ಜೀಪ್ ಮಾಡ್ಕೊಳ್ಳಲ್ವಾ, ಹಾಗೆ. ಕೆಸಿ-135 ಮೊದಲು ಹಾರಿದ್ದು 1956ರಲ್ಲಿ. ಬಾಡಿಗೆ ತಪ್ಪು ಅನ್ನಲ್ಲ, ಕಲಿಯೋಕೆ ಬೇಕು. ಆದರೆ ಆ ಜೀಪಲ್ಲಿ ಡ್ರೈವರ್ ಕೂಡ ಹೊರಗಿನವರು ಅನ್ನೋದು ನಮ್ಮನ್ನ ಕಾಡ್ತಾ ಇದೆ.

ಯಾಕಂದ್ರೆ ಇದೇ ಕೆಸಿ-135ಗಳನ್ನ ಅಮೆರಿಕದಲ್ಲಿ ನಡೆಸೋರು ಯಾರು ಅಂತ ನೋಡಿದ್ವಿ. ಅರ್ಧಕ್ಕಿಂತ ಹೆಚ್ಚು ವಿಮಾನಗಳು ಪೂರ್ಣಾವಧಿ ವಾಯುಪಡೆಯ ಕೈಯಲ್ಲಿ ಇಲ್ಲ, ರಿಸರ್ವ್ ಮತ್ತು ನ್ಯಾಷನಲ್ ಗಾರ್ಡ್ ಹತ್ರ ಇವೆ. ಅವರಲ್ಲಿ ಬಹಳ ಜನ ವಾರವೆಲ್ಲ ಏರ್‌ಲೈನ್ ಪೈಲಟ್, ಮೆಕ್ಯಾನಿಕ್, ಮೇಷ್ಟ್ರು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಸಮವಸ್ತ್ರ. ವಿಮಾನ ಹಾರಿಸೋರಿಗೆ ಇನ್ನೂ ಜಾಸ್ತಿ ದಿನ. ಇಂಡಿಯಾನಾ ರಾಜ್ಯದ ಗ್ರಿಸಮ್ ನೆಲೆಯನ್ನ ಪೂರ್ಣಾವಧಿ ವಾಯುಪಡೆ 1994ರಲ್ಲಿ ಬಿಟ್ಟುಹೋಯ್ತು. ಆದರೆ ಅಲ್ಲಿನ ರಿಸರ್ವ್ ಟ್ಯಾಂಕರ್ ಘಟಕ, 434ನೇ ವಿಂಗ್, ಉಳೀತು, ನೆಲೆಯೂ ಉಳೀತು. 2005ರ ಕೊನೆಗೆ ಗಣಿ ನಿಂತ ಮೇಲೆ ಕುದುರೆಮುಖದ ಕ್ವಾರ್ಟರ್ಸ್ ಏನಾಯ್ತು ಅಂತ ಕಣ್ಣಾರೆ ನೋಡಿದ ನಮಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ.

ಬ್ರಿಟನ್ ಇನ್ನೂ ಜಾಣತನ ಮಾಡಿತು. 2008ರಲ್ಲಿ ಏರ್‌ಟ್ಯಾಂಕರ್ ಅನ್ನೋ ಸಂಸ್ಥೆ ಜೊತೆ 27 ವರ್ಷಕ್ಕೆ 14 ವಿಮಾನದ ಒಪ್ಪಂದ. ಒಂಬತ್ತು ಯಾವಾಗಲೂ ವಾಯುಪಡೆಗೆ. ಐದನ್ನ ಶಾಂತಿ ಕಾಲದಲ್ಲಿ ಪ್ರಯಾಣಿಕರಿಗೆ ಬಾಡಿಗೆಗೆ ಬಿಟ್ಟು ದುಡಿಸ್ಕೋಬಹುದು, ಕರೆದಾಗ ವಾಪಸ್ ಬರಬೇಕು. ಕಂಪನಿಯ ಪೈಲಟ್‌ಗಳಲ್ಲಿ ಕೆಲವರು ನೌಕರಿಯ ಷರತ್ತಿನಲ್ಲೇ ರಿಸರ್ವ್ ಯೋಧರು.

ಭಾರತಕ್ಕೆ ಇದು ಆಗಲ್ಲ ಅನ್ನೋಕೆ ಬರಲ್ಲ. 1952ರಲ್ಲೇ ರಿಸರ್ವ್ ಮತ್ತು ಆಕ್ಸಿಲರಿ ವಾಯುಪಡೆಗೆ ಕಾಯ್ದೆ ಮಾಡಿದ್ದೀವಿ. 1949ರಿಂದ ಟೆರಿಟೋರಿಯಲ್ ಆರ್ಮಿ ಇದೆ. ಅದರಲ್ಲಿ ರೈಲ್ವೆ ನೌಕರರ ಘಟಕ ಇದೆ, ತೈಲ ಕಂಪನಿ ನೌಕರರ ಘಟಕಗಳೂ ಇವೆ. ಯುದ್ಧ ಬಂದಾಗ ನೆಲದ ಮೇಲೆ ಎಣ್ಣೆ ನಿಲ್ಲಬಾರದು ಅಂತ ಯಾರೋ ಯೋಚಿಸಿದ್ದಾರೆ. ಅದೇ ಯೋಚನೆಯನ್ನ ಆಕಾಶದ ಎಣ್ಣೆಗೂ ಒಯ್ಯಬೇಕು ಅನ್ನೋದು ನಮ್ಮ ವಾದ. 2022ರಲ್ಲಿ ಎಚ್‌ಎಎಲ್ ಇಸ್ರೇಲಿನ ಐಎಐ ಜೊತೆ, ಹಳೇ ಪ್ರಯಾಣಿಕ ವಿಮಾನಗಳನ್ನ ಭಾರತದಲ್ಲೇ ಟ್ಯಾಂಕರ್ ಮಾಡೋ ಬಗ್ಗೆ ಒಡಂಬಡಿಕೆಗೆ ಸಹಿ ಹಾಕಿದೆ. ಅಂಥ ವಿಮಾನವನ್ನ ದಿನಾ ಹಾರಿಸೋರು, ದಿನಾ ರಿಪೇರಿ ಮಾಡೋರು ಇರೋದು ಏರ್‌ಲೈನ್‌ಗಳಲ್ಲೇ. ಮುಂದೆ ಟ್ಯಾಂಕರ್ ಕೊಳ್ಳೋ ಒಪ್ಪಂದದಲ್ಲಿ ಅವರಿಂದಲೇ ಒಂದು ರಿಸರ್ವ್ ಸ್ಕ್ವಾಡ್ರನ್ ಕಟ್ಟೋ ಕಲಂ ಸೇರಿಸಿ.

ಹಾಸ್ಟೆಲಲ್ಲಿ ಇದನ್ನ ಹೇಳಿದಾಗ ಸೀನಿಯರ್ ಒಬ್ಬರು ಸರಿಯಾಗೇ ಹಿಡಿದರು. "ಏರ್‌ಲೈನ್‌ಗಳಿಗೇ ಪೈಲಟ್ ಸಾಲ್ತಿಲ್ಲ, ವಾಯುಪಡೆಗೆ ಯಾರು ಬಿಟ್ಟುಕೊಡ್ತಾರೋ? ಮತ್ತೆ ವಿಮಾನನೇ ಇಲ್ಲದೆ ರಿಸರ್ವ್ ಇಟ್ಕೊಂಡು ಏನ್ಮಾಡ್ತೀರಿ?" ಎರಡನೇ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇಲ್ಲ, ಅವರು ಹೇಳಿದ್ದು ಸರಿ, ಮೊದಲು ವಿಮಾನ ಬರಬೇಕು. ಮೊದಲನೇದಕ್ಕೆ ಇದೆ. ಬ್ರಿಟನ್‌ನಲ್ಲಿ ಕಂಪನಿಯನ್ನ ಯಾರೂ ಆಮೇಲೆ ಬೇಡಿಕೊಳ್ಳಲಿಲ್ಲ, ಸಹಿ ಹಾಕೋವಾಗಲೇ ಬರೆಸ್ಕೊಂಡರು. ಪೈಲಟ್‌ಗಳ ಮಾತಷ್ಟೇ ಅಲ್ಲ ಇದು. ಹೋಸ್, ಪಂಪ್, ವಾಲ್ವ್, ಸೀಲ್ ನೋಡ್ಕೊಳ್ಳೋ ಎಂಜಿನಿಯರ್‌ಗಳೂ ಬೇಕು. ಎರಡು ವರ್ಷ ಬಿಟ್ಟರೆ ನಾವೇ ಆ ಎಂಜಿನಿಯರ್‌ಗಳು.

ಹಾಗಾದ್ರೆ ತಿಂಗಳಿಗೊಂದು ವಾರಾಂತ್ಯ ನೀವು ಕೊಡ್ತೀರಾ ಅಂತ ಆ ಸೀನಿಯರ್ ಕೇಳಿದಾಗ ಬೈಕಲ್ಲಿ ಹೋಗಿದ್ದ ಐವರಲ್ಲಿ ನಾಲ್ವರು ಕೈ ಎತ್ತಿದ್ವಿ. ಅವತ್ತು ಪೆಟ್ರೋಲ್ ಹಾಕಿಸದೇ ಬಂದಿದ್ದ ಐದನೆಯವನು, ಅಟೆಂಡೆನ್ಸ್ ಕೊಡ್ತಾರಾ ಅಂತ ಕೇಳಿದ.